ವೆನಿಸ್ಸೋ, ಫ್ಲಾರೆನ್ಸೋ? ಕಿರು ರಜೆಯ ಮುಂದಿರುವ ದೊಡ್ಡ ಪ್ರಶ್ನೆ

ವೆನಿಸ್ ನಗರದ ರಿಯಾಲ್ಟೊ ಸೇತುವೆಯ ಸಮೀಪ ಒಂದು ಔಷಧದ ಅಂಗಡಿಯಿದೆ. ಅದರ ಗಾಜಿನ ಕಿಟಕಿಯೊಳಗೆ 2008ರಲ್ಲಿ ಒಂದು ಎಲೆಕ್ಟ್ರಾನಿಕ್ ಫಲಕವನ್ನು ಅಳವಡಿಸಲಾಯಿತು. ಹಳೆಯ ವೆನಿಸ್‌ನಲ್ಲಿ ಇನ್ನೂ ಎಷ್ಟು ಮಂದಿ ಕಾಯಂ ನಿವಾಸಿಗಳು ಉಳಿದಿದ್ದಾರೆ ಎಂಬ ಲೆಕ್ಕವನ್ನು ಆ ಫಲಕ ದಾರಿಹೋಕರಿಗೆ ತೋರಿಸುತ್ತದೆ. ಅಳವಡಿಸಿದಾಗ ಆ ಸಂಖ್ಯೆ 60 ಸಾವಿರದ ಆಸುಪಾಸಿನಲ್ಲಿತ್ತು. 2022ರ ಆಗಸ್ಟ್‌ನಲ್ಲಿ ಅದು 50 ಸಾವಿರಕ್ಕಿಂತ ಕೆಳಗಿಳಿಯಿತು. 1950ರ ದಶಕದ ಆರಂಭದಲ್ಲಿ ಇದೇ ದ್ವೀಪಗಳಲ್ಲಿ ಸುಮಾರು 1.75 ಲಕ್ಷ ಜನ ವಾಸವಾಗಿದ್ದರು ಎಂಬುದನ್ನು ನೆನೆದರೆ, ಅಂಗಡಿಯ ಕಿಟಕಿಯ ಆ ಅಂಕಿ ಊರೊಂದರ ನಾಡಿಬಡಿತದಂತೆ ಕಾಣುತ್ತದೆ.

ಅಲ್ಲಿಂದ ವೇಗದ ರೈಲಿನಲ್ಲಿ ಎರಡು ಗಂಟೆಗೆ ತುಸು ಹೆಚ್ಚು ಸಮಯದ ದಾರಿಯಲ್ಲಿ ಫ್ಲಾರೆನ್ಸ್ ಇದೆ. ಅಲ್ಲಿನ ಪಾಲಿಕೆ 2023ರಲ್ಲಿ ಹಳೆಯ ನಗರದ ವ್ಯಾಪ್ತಿಯಲ್ಲಿ ಪ್ರವಾಸಿಗರಿಗೆ ಹೊಸದಾಗಿ ಮನೆಗಳನ್ನು ಅಲ್ಪಾವಧಿ ಬಾಡಿಗೆಗೆ ಕೊಡುವುದನ್ನು ನಿಷೇಧಿಸಲು ಮುಂದಾಯಿತು. 2025ರ ಆರಂಭದಲ್ಲಿ, ಅಂಥ ಮನೆಗಳ ಬಾಗಿಲ ಬಳಿ ಕೀಲಿಕೈ ಇಡಲು ನೇತುಹಾಕುವ ಸಂಕೇತಸಂಖ್ಯೆಯ ಪುಟ್ಟ ಪೆಟ್ಟಿಗೆಗಳನ್ನೂ ಹಳೆಯ ನಗರದಲ್ಲಿ ನಿಷೇಧಿಸಿತು.

ಇಟಲಿಯ ಈ ಎರಡು ನಗರಗಳ ಪೈಕಿ ಯಾವುದನ್ನು ನೋಡಬೇಕು ಎಂಬ ಪ್ರಶ್ನೆ ರಜೆಯ ಅರ್ಜಿ ಹಿಡಿದು ಕುಳಿತ ನಮ್ಮ ನಗರಗಳ ನೌಕರವರ್ಗಕ್ಕೆ ಈಗ ಅಪರಿಚಿತವೇನಲ್ಲ. ನಾಲ್ಕು ದಿನಗಳ ಬಿಡುವು, ಕೈಯಲ್ಲೊಂದು ಷೆಂಗೆನ್ ವೀಸಾ, ಮುಂದೆ ಎರಡು ಪ್ರಖ್ಯಾತ ಹೆಸರುಗಳು. ಸಾಮಾನ್ಯವಾಗಿ ಇದಕ್ಕೆ ಸಿಗುವ ಉತ್ತರ ‘ನೀರು ಇಷ್ಟವಾದರೆ ವೆನಿಸ್, ಕಲೆ ಇಷ್ಟವಾದರೆ ಫ್ಲಾರೆನ್ಸ್’ ಎಂಬುದು. ಈ ಉತ್ತರ ಸುಳ್ಳಲ್ಲವಾದರೂ ಇಂದಿನ ಸ್ಥಿತಿಗೆ ಸಾಲದು. ಏಕೆಂದರೆ ಎರಡೂ ನಗರಗಳು ಪ್ರವಾಸಿಗರ ಭಾರವನ್ನು ಹೊರುವ ಬಗೆ ಬೇರೆ ಬೇರೆ. ಆ ಭಾರವನ್ನು ತಗ್ಗಿಸಲು ಅವು ಹಿಡಿದಿರುವ ದಾರಿಗಳೂ ಬೇರೆ ಬೇರೆ. ಆಯ್ಕೆ ಮಾಡುವವನು ಮೊದಲು ಅರಿಯಬೇಕಾದುದು ಅದನ್ನು.

ಒಂದೇ ದಿನ, ಎರಡು ಪ್ರವಾಹ

ಎರಡೂ ಊರುಗಳ ಇತ್ತೀಚಿನ ಚರಿತ್ರೆ ಒಂದೇ ದಿನಾಂಕದಿಂದ ಆರಂಭವಾಗುತ್ತದೆ ಎನ್ನಬಹುದು. 1966ರ ನವೆಂಬರ್ 4ರಂದು ಫ್ಲಾರೆನ್ಸ್‌ನಲ್ಲಿ ಆರ್ನೊ ನದಿ ದಡ ಮೀರಿ ನುಗ್ಗಿತು. ಅದೇ ದಿನ ವೆನಿಸ್‌ನಲ್ಲಿ ಸಮುದ್ರದ ನೀರು 194 ಸೆಂಟಿಮೀಟರ್ ಮಟ್ಟಕ್ಕೆ ಏರಿತು. ವೆನಿಸ್‌ನ ದಾಖಲೆಗಳಲ್ಲಿ ಇಂದಿಗೂ ಅದೇ ಅತಿ ಹೆಚ್ಚಿನ ಮಟ್ಟ.

ಫ್ಲಾರೆನ್ಸ್‌ನ ತಗ್ಗು ಪ್ರದೇಶಗಳಲ್ಲಿ ನೀರು, ಕೆಸರು, ಬೆಚ್ಚಗಿಡುವ ಯಂತ್ರಗಳ ಎಣ್ಣೆ ಎಲ್ಲವೂ ಬೆರೆತು ಆರು ಮೀಟರಿಗೂ ಎತ್ತರಕ್ಕೆ ನಿಂತಿತು. ನಗರ ಮತ್ತು ಸುತ್ತಲ ಪ್ರದೇಶದಲ್ಲಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಸಾಂಟಾ ಕ್ರೋಚೆ ಇಗರ್ಜಿಯಲ್ಲಿದ್ದ, ಚಿಮಬುಯೆ ಎಂಬ ಕಲಾವಿದನ ಶಿಲುಬೆಯ ಚಿತ್ರದ ಬಣ್ಣ ಬಹುಪಾಲು ತೊಳೆದುಹೋಯಿತು. ರಾಷ್ಟ್ರೀಯ ಗ್ರಂಥಾಲಯದ ಲಕ್ಷಾಂತರ ಪುಸ್ತಕಗಳು ಕೆಸರಿನಲ್ಲಿ ಹೂತವು. ಆಗ ಹಲವು ದೇಶಗಳಿಂದ ವಿದ್ಯಾರ್ಥಿಗಳು ಧಾವಿಸಿ ಬಂದರು. ಸಾಲಾಗಿ ನಿಂತು ಪುಸ್ತಕ, ಚಿತ್ರಗಳನ್ನು ಕೈಯಿಂದ ಕೈಗೆ ದಾಟಿಸಿ ಉಳಿಸಿದರು. ಫ್ಲಾರೆನ್ಸ್‌ನ ಜನ ಅವರನ್ನು ‘ಕೆಸರಿನ ದೇವದೂತರು’ ಎಂದು ಕರೆದರು. ಹೊರಗಿನಿಂದ ಬಂದವರು ಒಂದು ಊರನ್ನು ಉಳಿಸಿದ ಅಪರೂಪದ ಪ್ರಸಂಗವದು.

ವೆನಿಸ್‌ನ ದಾರಿ ಬೇರೆಯಾಯಿತು. ಅಲ್ಲಿ ಉತ್ತರ ಸಿಕ್ಕಿದ್ದು ಯಂತ್ರದಲ್ಲಿ. ಲಿಡೊ, ಮಲಮೊಕ್ಕೊ, ಕಿಯೋಜ ಎಂಬ ಮೂರು ಸಮುದ್ರದ್ವಾರಗಳಲ್ಲಿ ಒಟ್ಟು 78 ಕಬ್ಬಿಣದ ಕದಗಳನ್ನು ನೀರಿನಡಿ ಮಲಗಿಸಿ, ಉಬ್ಬರ ಬಂದಾಗ ಮೇಲೆತ್ತುವ ‘ಮೋಸೆ’ ಯೋಜನೆಯ ಕಾಮಗಾರಿ 2003ರಲ್ಲಿ ಆರಂಭವಾಯಿತು. ವೆಚ್ಚ 500 ಕೋಟಿ ಯೂರೊ ದಾಟಿತು. 2014ರಲ್ಲಿ ಭ್ರಷ್ಟಾಚಾರದ ಹಗರಣ ಸ್ಫೋಟಗೊಂಡು ಹತ್ತಾರು ಮಂದಿಯ ಬಂಧನವಾಯಿತು. ಯೋಜನೆ ಮುಗಿಯುವ ಮುನ್ನವೇ 2019ರ ನವೆಂಬರ್ 12ರಂದು ನೀರು 187 ಸೆಂಟಿಮೀಟರಿಗೇರಿ ಊರನ್ನು ಮತ್ತೆ ಮುಳುಗಿಸಿತು. ಕೊನೆಗೂ 2020ರ ಅಕ್ಟೋಬರ್ 3ರಂದು ಕದಗಳು ಮೊದಲ ಬಾರಿಗೆ ನಿಜವಾದ ಉಬ್ಬರದ ಎದುರು ಮೇಲೆದ್ದವು. ಅಂದು ಸಂತ ಮಾರ್ಕನ ಚೌಕ ಒಣಗಿಯೇ ಇತ್ತು.

ಅಂದರೆ ಸಮುದ್ರದ ನೀರಿಗೆ ತಡೆ ಸಿಕ್ಕಿದೆ. ಜನಪ್ರವಾಹಕ್ಕೆ ತಡೆ ಯಾವುದು? ವೆನಿಸ್ ಕಳೆದ ಕೆಲವು ವರ್ಷಗಳಿಂದ ಹುಡುಕುತ್ತಿರುವುದು ಇದಕ್ಕೆ ಉತ್ತರವನ್ನು.

ವೆನಿಸ್: ಬಾಗಿಲಿಲ್ಲದ ಸಂಗ್ರಹಾಲಯ

2021ರ ಆಗಸ್ಟ್‌ನಿಂದ 25 ಸಾವಿರ ಟನ್‌ಗಿಂತ ಹೆಚ್ಚಿನ ಹಡಗುಗಳು ಸಂತ ಮಾರ್ಕನ ಚೌಕದ ಮುಂದಿನ ಜಲಮಾರ್ಗದಲ್ಲಿ ಸಾಗದಂತೆ ಇಟಲಿ ಸರ್ಕಾರ ನಿಷೇಧಿಸಿತು. 2024ರಲ್ಲಿ ಪ್ರವಾಸಿ ಗುಂಪುಗಳಿಗೆ 25 ಮಂದಿಯ ಮಿತಿ ಹೇರಲಾಯಿತು. ಮಾರ್ಗದರ್ಶಿಗಳು ಧ್ವನಿವರ್ಧಕ ಬಳಸುವುದು ನಿಂತಿತು. ಅದೇ ವರ್ಷ ಏಪ್ರಿಲ್ 25ರಂದು ಹಗಲು ಬಂದು ಸಂಜೆ ಮರಳುವವರಿಗೆ ಪ್ರವೇಶ ಶುಲ್ಕ ಜಾರಿಗೆ ಬಂತು. ಮೊದಲ ವರ್ಷ 29 ದಿನಗಳಿಗೆ ಐದು ಯೂರೊ. 2025ರಲ್ಲಿ ಏಪ್ರಿಲ್‌ನಿಂದ ಜುಲೈವರೆಗಿನ ಆಯ್ದ 54 ದಿನಗಳಿಗೆ ಅದನ್ನು ವಿಸ್ತರಿಸಲಾಯಿತು; ಮುಂಚಿತವಾಗಿ ಕಾಯ್ದಿರಿಸಿದವರಿಗೆ ಐದು ಯೂರೊ, ಕೊನೆಗಳಿಗೆಯಲ್ಲಿ ಬಂದವರಿಗೆ ಹತ್ತು. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ ಊರೊಳಗೆ ಬರುವವರಿಗೆ ಮಾತ್ರ ಇದು ಅನ್ವಯ. ನಗರದ ವಸತಿಗೃಹಗಳಲ್ಲಿ ರಾತ್ರಿ ತಂಗುವವರಿಗೆ ವಿನಾಯಿತಿಯುಂಟು. ಆದರೆ ಅವರೂ ಅಂತರ್ಜಾಲದಲ್ಲಿ ನೋಂದಾಯಿಸಿ ವಿನಾಯಿತಿ ಪತ್ರ ಪಡೆಯಬೇಕು. ಶುಲ್ಕ ಕೊಡದೆ ಸಿಕ್ಕಿಬಿದ್ದರೆ 50ರಿಂದ 300 ಯೂರೊವರೆಗೆ ದಂಡ.

ಶುಲ್ಕದಿಂದ ಪಾಲಿಕೆಯ ಬೊಕ್ಕಸಕ್ಕೆ ಹಣ ಬಂದುದು ನಿಜ. ಜನಸಂದಣಿ ಇಳಿಯಿತೇ ಎಂಬುದು ವಿವಾದದ ವಿಷಯ. ಎರಡು ಕಾಫಿಯ ಬೆಲೆಗೆ ಹೆದರಿ ಯಾರೂ ವೆನಿಸ್ ನೋಡುವುದನ್ನು ಕೈಬಿಡಲಾರರು ಎಂಬುದು ವಿರೋಧಿಗಳ ವಾದ. ಯಾವ ದಿನ ಎಷ್ಟು ಜನ ಬರುತ್ತಾರೆಂಬ ಮುನ್ಸೂಚನೆಯಾದರೂ ದೊರೆಯಿತಲ್ಲ ಎಂಬುದು ಆಡಳಿತದ ಸಮರ್ಥನೆ. ಶುಲ್ಕ ಆರಂಭವಾದ ದಿನವೇ ಸ್ಥಳೀಯರು ಬೀದಿಗಿಳಿದು ಪ್ರತಿಭಟಿಸಿದರು. ತಮ್ಮ ಊರನ್ನು ಟಿಕೆಟ್ ಕೊಟ್ಟು ನೋಡುವ ಪ್ರದರ್ಶನವನ್ನಾಗಿ ಮಾಡಲಾಗುತ್ತಿದೆ ಎಂಬುದು ಅವರ ಆಕ್ಷೇಪ.

ಈ ಆಕ್ಷೇಪದಲ್ಲಿ ವೆನಿಸ್‌ನ ಮೂಲ ಸಮಸ್ಯೆ ಅಡಗಿದೆ. ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳು, ನಾಲ್ಕುನೂರಕ್ಕೂ ಮೀರಿದ ಸೇತುವೆಗಳು, ವಾಹನವೇ ಇಲ್ಲದ ಓಣಿಗಳು. ಅಲ್ಲಿ ನೋಡಬೇಕಾದ ವಸ್ತು ಯಾವುದೋ ಕಟ್ಟಡದೊಳಗೆ ಇಲ್ಲ. ಊರೇ ಆ ವಸ್ತು. ಸಂಗ್ರಹಾಲಯಕ್ಕೆ ಬಾಗಿಲು ಇರುತ್ತದೆ, ಮುಚ್ಚುವ ವೇಳೆ ಇರುತ್ತದೆ. ವೆನಿಸ್‌ಗೆ ಎರಡೂ ಇಲ್ಲ. ಬಾಗಿಲು ಹಚ್ಚಹೊರಟರೆ ಒಳಗಿರುವ ನಾಗರಿಕನೂ ಪ್ರದರ್ಶನದ ಭಾಗವಾಗುತ್ತಾನೆ. ಹಚ್ಚದಿದ್ದರೆ ಅವನ ಓಣಿಯಲ್ಲಿ ಅವನಿಗೇ ನಡೆಯಲು ಜಾಗವಿರುವುದಿಲ್ಲ.

ಫ್ಲಾರೆನ್ಸ್: ಬಾಗಿಲ ಹಿಂದಿನ ಸಂಪತ್ತು

ಫ್ಲಾರೆನ್ಸ್‌ನ ಸ್ಥಿತಿ ಇದಕ್ಕಿಂತ ಭಿನ್ನ. ಅದರ ಸಂಪತ್ತಿನ ಬಹುಪಾಲು ಗೋಡೆಗಳ ಹಿಂದಿದೆ. ಇದಕ್ಕೆ ಒಬ್ಬ ಮಹಿಳೆ ಕಾರಣಳು. ನಗರವನ್ನು ಶತಮಾನಗಳ ಕಾಲ ಆಳಿದ ಮೆಡಿಚಿ ಮನೆತನದ ಕೊನೆಯ ಕುಡಿ ಅನ್ನಾ ಮಾರಿಯಾ ಲುಯೀಸಾ 1737ರಲ್ಲಿ ಹೊಸ ಅರಸುಮನೆತನದೊಂದಿಗೆ ಒಂದು ಒಪ್ಪಂದ ಮಾಡಿಕೊಂಡಳು. ಮನೆತನದ ಚಿತ್ರ, ಶಿಲ್ಪ, ಗ್ರಂಥ, ರತ್ನ ಎಲ್ಲವೂ ಟಸ್ಕನಿ ರಾಜ್ಯಕ್ಕೆ ಸೇರುತ್ತವೆ; ಆದರೆ ಅವುಗಳಲ್ಲಿ ಒಂದೂ ಫ್ಲಾರೆನ್ಸ್ ಬಿಟ್ಟು ಹೋಗುವಂತಿಲ್ಲ ಎಂಬುದು ಷರತ್ತು. ಆ ಸಂಗ್ರಹ ಎಲ್ಲ ದೇಶಗಳ ಜನರಿಗೂ ಉಪಯೋಗವಾಗಲಿ, ಹೊರಗಿನವರ ಕುತೂಹಲವನ್ನು ಸೆಳೆಯಲಿ ಎಂಬ ಆಶಯವನ್ನೂ ಆ ಒಪ್ಪಂದ ವ್ಯಕ್ತಪಡಿಸಿತ್ತು. ಪ್ರವಾಸೋದ್ಯಮ ಎಂಬ ಪದವೇ ಹುಟ್ಟದಿದ್ದ ಕಾಲದಲ್ಲಿ ಒಂದು ಊರಿನ ಮುಂದಿನ ಮೂರು ಶತಮಾನಗಳ ಜೀವನಾಧಾರವನ್ನು ಆಕೆ ಕಾಗದದ ಮೇಲೆ ಬರೆದಿಟ್ಟಳು.

ಆ ಸಂಗ್ರಹದ ಹೃದಯವೇ ಉಫೀಜಿ ಗ್ಯಾಲರಿ. ವಸಾರಿ 1560ರಲ್ಲಿ ಸರ್ಕಾರಿ ಕಚೇರಿಗಳಿಗೆಂದು ಕಟ್ಟಲಾರಂಭಿಸಿದ ಈ ಕಟ್ಟಡ 1769ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಬೊಟ್ಟಿಚೆಲ್ಲಿಯ ‘ವೀನಸ್‌ಳ ಜನನ’ ಇರುವುದು ಇಲ್ಲಿ. ಉಫೀಜಿ, ಪಿಟ್ಟಿ ಅರಮನೆ, ಬೊಬೊಲಿ ಉದ್ಯಾನ ಮೂರನ್ನೂ ಸೇರಿಸಿದರೆ 2023ರಲ್ಲಿ ಇಲ್ಲಿಗೆ ಬಂದವರ ಸಂಖ್ಯೆ 50 ಲಕ್ಷ ದಾಟಿತು. ಅಷ್ಟು ಜನ ಬಂದರೂ ಒಳಗಿನ ಅನುಭವ ಹಾಳಾಗದಿರಲು ಸಮಯ ನಿಗದಿಪಡಿಸಿದ ಟಿಕೆಟ್ ಎಂಬ ಸರಳ ಉಪಾಯವಿದೆ. ಮೈಕೆಲೆಂಜೆಲೊನ ‘ಡೇವಿಡ್’ ಇರುವ ಅಕಾಡೆಮಿಯಾ ಗ್ಯಾಲರಿಗೂ ಇದೇ ವ್ಯವಸ್ಥೆ. ಬ್ರುನೆಲೆಸ್ಕಿ 1420ರಿಂದ 1436ರ ನಡುವೆ ಕಟ್ಟಿದ ಮಹಾಗುಮ್ಮಟದ 463 ಮೆಟ್ಟಿಲು ಹತ್ತುವುದಕ್ಕೂ ಸಮಯ ಕಾಯ್ದಿರಿಸಬೇಕು.

ಹೀಗೆ ಫ್ಲಾರೆನ್ಸ್ ತನ್ನ ಸಂದಣಿಯನ್ನು ಬಾಗಿಲಲ್ಲಿ ಎಣಿಸಬಲ್ಲದು. ಬಾಗಿಲ ಹೊರಗಿನ ಬೀದಿಯ ಮಾತು ಬೇರೆ. ಹಳೆಯ ನಗರದಲ್ಲಿ ದಿನಸಿ ಅಂಗಡಿ, ಚಪ್ಪಲಿ ಹೊಲಿಯುವವನ ಮಳಿಗೆ ಇದ್ದೆಡೆ ತಿಂಡಿಯ ಕಟ್ಟೆಗಳೂ ಚರ್ಮದ ಚೀಲದ ಅಂಗಡಿಗಳೂ ಬಂದು ಕೂತಿವೆ. ಅಲ್ಪಾವಧಿ ಬಾಡಿಗೆಗೆ ಸಿಗುವ ಮನೆಗಳ ಸಂಖ್ಯೆ 2016ರಲ್ಲಿ ಆರು ಸಾವಿರದೊಳಗಿದ್ದುದು 2023ರ ಹೊತ್ತಿಗೆ 14 ಸಾವಿರ ದಾಟಿತೆಂದು ಅಂದಿನ ಮೇಯರ್ ದಾರಿಯೊ ನಾರ್ದೆಲ್ಲಾ ಹೇಳಿದ್ದರು. ಸ್ಥಳೀಯರಿಗೆ ಬಾಡಿಗೆ ಕೈಗೆಟುಕದಂತಾಯಿತು. ನಿಷೇಧ ಬಂದುದು ಈ ಹಿನ್ನೆಲೆಯಲ್ಲಿ. ಅದು ನ್ಯಾಯಾಲಯದ ಮೆಟ್ಟಿಲೇರಿತು, ಪಾಲಿಕೆ ಮತ್ತೆ ನಿಯಮ ರೂಪಿಸಿತು. ಆದರೆ ಮೊದಲೇ ಬಾಡಿಗೆಗೆ ಹೋಗಿದ್ದ ಮನೆಗಳು ಹಾಗೆಯೇ ಉಳಿದವು.

ವೆನಿಸ್‌ನಲ್ಲಿ ಈ ಕಾಯಿಲೆ ಇನ್ನೂ ಬಲಿತಿದೆ. 2023ರಲ್ಲಿ ಅಲ್ಲಿನ ನಾಗರಿಕ ಗುಂಪುಗಳು ಲೆಕ್ಕ ಹಾಕಿ, ಹಳೆಯ ನಗರದಲ್ಲಿ ಪ್ರವಾಸಿಗರ ಹಾಸಿಗೆಗಳ ಸಂಖ್ಯೆ ನಿವಾಸಿಗಳ ಸಂಖ್ಯೆಯನ್ನು ಮೀರಿತೆಂದು ಸಾರಿದವು. 2025ರ ಜೂನ್‌ನಲ್ಲಿ ಅಮೆರಿಕದ ಉದ್ಯಮಿ ಜೆಫ್ ಬೆಜೋಸ್ ತನ್ನ ಮದುವೆಗೆ ಇದೇ ಊರನ್ನು ಆರಿಸಿಕೊಂಡಾಗ ನಡೆದ ಪ್ರತಿಭಟನೆಯ ಹಿಂದೆಯೂ ಇದ್ದುದು ಈ ಅಸಮಾಧಾನವೇ.

ಹಂಪಿಯ ಕನ್ನಡಿಯಲ್ಲಿ

ಯುನೆಸ್ಕೊದ ತಜ್ಞರು ವೆನಿಸ್ಸನ್ನು ‘ಅಪಾಯದಲ್ಲಿರುವ ವಿಶ್ವ ಪರಂಪರೆ’ ಪಟ್ಟಿಗೆ ಸೇರಿಸಬೇಕೆಂದು 2021ರಲ್ಲಿಯೂ 2023ರಲ್ಲಿಯೂ ಶಿಫಾರಸು ಮಾಡಿದರು. ಎರಡು ಬಾರಿಯೂ ಸದಸ್ಯ ರಾಷ್ಟ್ರಗಳ ಸಮಿತಿ ಅದನ್ನು ಒಪ್ಪಲಿಲ್ಲ. ಕನ್ನಡದ ಓದುಗರಿಗೆ ಈ ಪಟ್ಟಿಯ ಪರಿಚಯ ಇರಲೇಬೇಕು. ತುಂಗಭದ್ರೆಯ ಮೇಲಿನ ಸೇತುವೆ ಕಾಮಗಾರಿಯ ಕಾರಣದಿಂದ ನಮ್ಮ ಹಂಪಿ 1999ರಲ್ಲಿ ಅದೇ ಪಟ್ಟಿಗೆ ಸೇರಿ 2006ರವರೆಗೆ ಅಲ್ಲಿತ್ತು. ಮುಂದೆ 2011ರ ಜುಲೈನಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ನೆಲೆಸಿದ್ದ ಕುಟುಂಬಗಳನ್ನು ತೆರವುಗೊಳಿಸಲಾಯಿತು. ಅಲ್ಲಿ ಸ್ಮಾರಕ ಉಳಿಯಲೆಂದು ಆಡಳಿತ ಜನರನ್ನು ಎಬ್ಬಿಸಿತು. ವೆನಿಸ್‌ನಲ್ಲಿ ಯಾರೂ ಎಬ್ಬಿಸದಿದ್ದರೂ ಬಾಡಿಗೆ, ಬೆಲೆ ಮತ್ತು ಸಂದಣಿ ತಾಳಲಾರದೆ ಜನ ತಾವೇ ಎದ್ದು ಹೋಗುತ್ತಿದ್ದಾರೆ. ದಾರಿ ಎರಡಾದರೂ ತಲುಪುವ ಜಾಗ ಒಂದೇ: ಸಂಜೆಯಾದ ಮೇಲೆ ದೀಪ ಹಚ್ಚುವವರಿಲ್ಲದ ಊರು.

ಹಂಪಿಗೂ ಈ ಎರಡು ನಗರಗಳಿಗೂ ಇನ್ನೊಂದು ಹಳೆಯ ನಂಟಿದೆ. 15ನೇ ಶತಮಾನದ ಆರಂಭದಲ್ಲಿ ವಿಜಯನಗರಕ್ಕೆ ಬಂದ ನಿಕೊಲೊ ಕಾಂಟಿ ವೆನಿಸ್‌ನ ಖಾರಿಯಲ್ಲಿರುವ ಕಿಯೋಜದವನು. ವರ್ಷಗಳ ಅಲೆದಾಟದ ನಂತರ ಊರಿಗೆ ಮರಳಿದ ಅವನಿಂದ ಕೇಳಿ ಆ ಪ್ರವಾಸವನ್ನು ಲ್ಯಾಟಿನ್ ಭಾಷೆಯಲ್ಲಿ ದಾಖಲಿಸಿದವನು ಪೋಪ್‌ರ ಕಾರ್ಯದರ್ಶಿಯಾಗಿದ್ದ ಪೊಜಿಯೊ ಬ್ರಾಚಿಯೊಲಿನಿ. ಈತ ಮುಂದೆ 1453ರಲ್ಲಿ ಫ್ಲಾರೆನ್ಸ್ ಗಣರಾಜ್ಯದ ಮುಖ್ಯ ಕಾರ್ಯದರ್ಶಿಯಾದ. ವಿಜಯನಗರದ ಸುತ್ತಳತೆ ಅರವತ್ತು ಮೈಲಿ ಎಂದು ಯುರೋಪು ಓದಿದ್ದು ವೆನಿಸ್‌ನ ಕಣ್ಣು ಮತ್ತು ಫ್ಲಾರೆನ್ಸ್‌ನ ಲೇಖನಿ ಸೇರಿದ್ದರಿಂದ. ಒಂದು ಊರು ವ್ಯಾಪಾರಕ್ಕೆ ಹೊರಟಿತು, ಇನ್ನೊಂದು ಕುಳಿತು ಬರೆಯಿತು. ಎರಡು ನಗರಗಳ ಸ್ವಭಾವವನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ.

ಕಿಸೆ, ಕಾಲು, ಕಾಲ

ಇನ್ನು ವ್ಯವಹಾರದ ಮಾತು. ವೀಸಾ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. 2024ರ ಜೂನ್‌ನಲ್ಲಿ ಷೆಂಗೆನ್ ವೀಸಾ ಶುಲ್ಕ ವಯಸ್ಕರಿಗೆ 90 ಯೂರೊಗೆ ಏರಿತು. ಕನಿಷ್ಠ 30 ಸಾವಿರ ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳಿರುವಾಗಲೇ ಅರ್ಜಿ ಹಾಕಬಹುದು. ರಜೆಯ ಕಾಲದಲ್ಲಿ ಅರ್ಜಿ ಸಲ್ಲಿಸುವ ದಿನ ಸಿಗುವುದೇ ಕಷ್ಟವಾದ್ದರಿಂದ ಈ ಸೌಲಭ್ಯವನ್ನು ಬಳಸಿಕೊಳ್ಳುವುದು ಜಾಣತನ.

ಖರ್ಚಿನಲ್ಲಿ ವೆನಿಸ್ ಒಂದು ಕೈ ಮೇಲು. ಅಲ್ಲಿನ ಸಾರ್ವಜನಿಕ ದೋಣಿ ‘ವಪೊರೆಟ್ಟೊ’ದ ಒಂದು ಟಿಕೆಟ್ 9.50 ಯೂರೊ, 75 ನಿಮಿಷ ಮಾತ್ರ ಚಾಲ್ತಿ. ಒಂದು ಯೂರೊಗೆ ನೂರು ರೂಪಾಯಿಯೆಂದು ಹಿಡಿದರೂ ಒಮ್ಮೆ ದೋಣಿ ಹತ್ತಿಳಿದರೆ ತಲಾ 950 ರೂಪಾಯಿ. ಹೀಗಾಗಿ ಒಂದು, ಎರಡು ಅಥವಾ ಮೂರು ದಿನಗಳ ಪಾಸ್ ಕೊಳ್ಳುವುದು ಲೇಸು. ಗೊಂಡೊಲ ವಿಹಾರಕ್ಕೆ ಪಾಲಿಕೆ ನಿಗದಿಪಡಿಸಿದ ದರ ಹಗಲಿನಲ್ಲಿ ಅರ್ಧ ಗಂಟೆಗೆ 90 ಯೂರೊ. ಅದು ದೋಣಿಗೆ ದರ, ತಲೆಗಲ್ಲ ಎಂಬುದನ್ನು ನೆನಪಿಡಬೇಕು. ಫ್ಲಾರೆನ್ಸ್‌ನಲ್ಲಿ ಹಳೆಯ ನಗರವನ್ನೆಲ್ಲ ಕಾಲ್ನಡಿಗೆಯಲ್ಲೇ ಸುತ್ತಬಹುದು. ಖರ್ಚಾಗುವುದು ಗ್ಯಾಲರಿಗಳ ಟಿಕೆಟ್ಟಿಗೆ. ಉಫೀಜಿಯ ಟಿಕೆಟ್ 25 ಯೂರೊ, ಮುಂಗಡ ಕಾಯ್ದಿರಿಸಲು ಬೇರೆ ಶುಲ್ಕ. ಉಫೀಜಿ, ಅಕಾಡೆಮಿಯಾ ಎರಡೂ ಸೋಮವಾರ ಮುಚ್ಚಿರುತ್ತವೆ. ಭಾನುವಾರ ರಾತ್ರಿ ಫ್ಲಾರೆನ್ಸ್ ತಲುಪಿ ಮಂಗಳವಾರ ಬೆಳಿಗ್ಗೆ ಹೊರಡುವಂತೆ ಪ್ರಯಾಣ ಜೋಡಿಸಿಕೊಂಡವರು ಡೇವಿಡ್‌ನನ್ನು ಅಂಚೆಕಾರ್ಡಿನಲ್ಲೇ ನೋಡಿ ಬರಬೇಕಾಗುತ್ತದೆ.

ವಯಸ್ಸಾದ ತಂದೆತಾಯಿಯರನ್ನು ಕರೆದೊಯ್ಯುವವರು ವೆನಿಸ್‌ನ ಸೇತುವೆಗಳನ್ನು ಮರೆಯಬಾರದು. ಬಹುತೇಕ ಎಲ್ಲ ಸೇತುವೆಗಳಿಗೂ ಮೆಟ್ಟಿಲುಗಳುಂಟು. ರೈಲು ನಿಲ್ದಾಣದಿಂದ ಕೋಣೆಗೆ ಹೋಗುವಷ್ಟರಲ್ಲಿ ಚಕ್ರದ ಪೆಟ್ಟಿಗೆಯನ್ನು ಹಲವು ಬಾರಿ ಎತ್ತಿಳಿಸಬೇಕಾದೀತು. ಮಂಡಿನೋವಿನವರಿಗೆ ಫ್ಲಾರೆನ್ಸ್‌ನ ಸಮತಟ್ಟು ಬೀದಿಗಳು ವಾಸಿ. ಆದರೆ ಬಾಡಿಗೆ ಕಾರಿನಲ್ಲಿ ಹೋಗುವವರಿಗೆ ಎಚ್ಚರಿಕೆ: ಫ್ಲಾರೆನ್ಸ್‌ನ ಹಳೆಯ ನಗರ ನಿರ್ಬಂಧಿತ ಸಂಚಾರ ವಲಯ. ಅರಿಯದೆ ಒಳಹೊಕ್ಕರೆ ಕ್ಯಾಮೆರಾ ಚಿತ್ರ ತೆಗೆಯುತ್ತದೆ, ತಿಂಗಳುಗಳ ನಂತರ ಮನೆಗೆ ದಂಡದ ಚೀಟಿ ಬರುತ್ತದೆ.

ಸಸ್ಯಾಹಾರಿಗಳಿಗೆ ಎರಡೂ ಕಡೆ ಉಪವಾಸವಿಲ್ಲ, ಆದರೆ ಫ್ಲಾರೆನ್ಸ್ ಹೆಚ್ಚು ಅನುಕೂಲ. ದನದ ಮಾಂಸದ ಖಾದ್ಯಕ್ಕೆ ಹೆಸರಾದ ಊರಾದರೂ, ಹಳೆಯ ಬ್ರೆಡ್ಡು, ಅವರೆಯಂಥ ಬಿಳಿ ಕಾಳು, ಸೊಪ್ಪು ಹಾಕಿ ಕುದಿಸಿದ ‘ರಿಬೊಲಿಟ’, ಬ್ರೆಡ್ಡು ಮತ್ತು ಟೊಮೆಟೊದ ‘ಪಪ್ಪ ಅಲ್ ಪೊಮೊದೊರೊ’ ಅಲ್ಲಿನ ಬಡವರ ಮನೆಯ ಅಡುಗೆ. ಮಾಂಸದ ಸಾರು ಬೆರೆಸಿದ್ದಾರೆಯೇ ಎಂದು ಕೇಳಿಕೊಂಡರಾಯಿತು. ವೆನಿಸ್‌ನ ಪಾಕಶಾಲೆ ಮೊದಲಿನಿಂದಲೂ ಮೀನಿನದು. ಕರಾವಳಿಯ ಓದುಗರಿಗೆ ಅದೇ ಆಕರ್ಷಣೆಯಾದೀತು.

ಕಾಲದ ಆಯ್ಕೆಯೂ ಮುಖ್ಯ. ಬೆಟ್ಟಗಳ ನಡುವಿನ ತಗ್ಗಿನಲ್ಲಿರುವ ಫ್ಲಾರೆನ್ಸ್ ಜುಲೈ, ಆಗಸ್ಟ್‌ನಲ್ಲಿ ಕಾದ ಹೆಂಚು. ನಮ್ಮ ಮಕ್ಕಳ ಬೇಸಿಗೆ ರಜೆಯ ಏಪ್ರಿಲ್, ಮೇ ತಿಂಗಳುಗಳು ಹವೆಗೆ ಹಿತವಾದರೂ ವೆನಿಸ್‌ನ ಪ್ರವೇಶ ಶುಲ್ಕದ ದಿನಗಳೂ ಅವೇ. ಅಕ್ಟೋಬರ್‌ನಿಂದ ಜನವರಿಯವರೆಗೆ ವೆನಿಸ್‌ನಲ್ಲಿ ಉಬ್ಬರದ ಕಾಲ. ದೊಡ್ಡ ಉಬ್ಬರಕ್ಕೆ ಮೋಸೆ ಕದಗಳು ಏಳುತ್ತವಾದರೂ, ಸಂತ ಮಾರ್ಕನ ಚೌಕ ತೀರ ತಗ್ಗಿನಲ್ಲಿರುವುದರಿಂದ ಸಣ್ಣ ಉಬ್ಬರದಲ್ಲೂ ಪಾದ ತೋಯುವುದುಂಟು. ನವೆಂಬರ್‌ನ ಮಂಜಿನಲ್ಲಿ ಸಂದಣಿ ಇಳಿದ ವೆನಿಸ್ ನೋಡಲು ಅಷ್ಟು ತೊಂದರೆ ತಾಳಿಕೊಳ್ಳಬಹುದು.

ಹಾಗಾದರೆ ಯಾವುದು?

ನಮ್ಮಲ್ಲಿ ಜನಪ್ರಿಯವಾಗಿರುವ ಸಾಮೂಹಿಕ ಪ್ರವಾಸಗಳು ಈ ಪ್ರಶ್ನೆಯನ್ನೇ ಕೇಳುವುದಿಲ್ಲ. ಹತ್ತು ಹನ್ನೆರಡು ದಿನಗಳಲ್ಲಿ ಆರೇಳು ದೇಶ; ವೆನಿಸ್‌ಗೆ ಅರ್ಧ ದಿನ, ಫ್ಲಾರೆನ್ಸ್‌ಗೆ ಇನ್ನರ್ಧ. ವೆನಿಸ್‌ನಲ್ಲಿ ದೋಣಿಯಿಂದಿಳಿದು ಚೌಕದಲ್ಲೊಂದು ಚಿತ್ರ, ಫ್ಲಾರೆನ್ಸ್‌ನಲ್ಲಿ ಗುಡ್ಡದ ಮೇಲಿಂದ ಗುಮ್ಮಟದ ಇನ್ನೊಂದು ಚಿತ್ರ, ರಾತ್ರಿ ಹೆದ್ದಾರಿ ಬದಿಯ ಹೋಟೆಲು. ಹಣ ಕೂಡಿಟ್ಟು ಜೀವನದಲ್ಲಿ ಒಮ್ಮೆ ಹೋಗುವವರನ್ನು ಇದಕ್ಕಾಗಿ ದೂರಲಾಗದು. ಎಲ್ಲವನ್ನೂ ಒಮ್ಮೆಗೇ ನೋಡಿಬಿಡುವ ಆಸೆ ಸಹಜವಾದುದು. ಆದರೆ ವೆನಿಸ್ ಶುಲ್ಕ ವಿಧಿಸಿದ್ದು ಈ ಬಗೆಯ ಭೇಟಿಗೇ. ಊರಿಗೆ ಕಡಿಮೆ ಕೊಟ್ಟು ಹೆಚ್ಚು ತುಳಿಯುವುದು ಇದೇ. ಪ್ರವಾಸಿಗನಿಗೆ ಅತಿ ಕಡಿಮೆ ದಕ್ಕುವುದೂ ಇದರಿಂದಲೇ.

ಆದ್ದರಿಂದ ನಮ್ಮ ಉತ್ತರ ದಿನಗಳ ಲೆಕ್ಕದ ಮೇಲೆ ನಿಂತಿದೆ. ನಿಮ್ಮಲ್ಲಿರುವುದು ಒಂದು ಹಗಲು, ಹೆಚ್ಚೆಂದರೆ ಒಂದು ರಾತ್ರಿ ಎಂದಾದರೆ ಫ್ಲಾರೆನ್ಸ್‌ಗೆ ಹೋಗಿ. ಟಿಕೆಟ್ ಮುಂಗಡ ಕಾಯ್ದಿರಿಸಿದ್ದರೆ ಜನ ಎಷ್ಟೇ ಇರಲಿ, ಆ ಬಾಗಿಲು ನಿಮಗೆ ತೆರೆಯುತ್ತದೆ. ಬೆಳಿಗ್ಗೆ ಡೇವಿಡ್, ಮಧ್ಯಾಹ್ನ ಉಫೀಜಿ, ಸಂಜೆ ಆರ್ನೊ ದಂಡೆ ಎಂಬ ದಿನ ವ್ಯರ್ಥವಾಗದು. ವೆನಿಸ್‌ನ ಒಂದು ಹಗಲು ಹಾಗಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅಲ್ಲಿ ಕಾಣುವುದು ಬಹುಮಟ್ಟಿಗೆ ಮುಂದಿನವರ ಬೆನ್ನು.

ಕನಿಷ್ಠ ಎರಡು ರಾತ್ರಿ ಇದ್ದು, ಅವೆರಡನ್ನೂ ದ್ವೀಪದೊಳಗೇ ಕಳೆಯುವ ಶಕ್ತಿ ಇದ್ದರೆ ವೆನಿಸ್‌ಗೆ ಹೋಗಿ. ಸೇತುವೆಯಾಚೆ ಮೆಸ್ತ್ರೆಯಲ್ಲಿ ಕೋಣೆ ಅಗ್ಗ ನಿಜ. ಆದರೆ ಕೊನೆಯ ದೋಣಿಗಳ ಜನ ಹೋದ ಮೇಲೆ, ಓಣಿಯಲ್ಲಿ ನಿಮ್ಮ ಹೆಜ್ಜೆಯ ಸದ್ದು ನಿಮಗೇ ಕೇಳಿಸುವ ಹೊತ್ತಿನಲ್ಲಿ, ಬೆಳಗಿನ ಆರಕ್ಕೆ ತರಕಾರಿಯ ದೋಣಿ ಕಾಲುವೆಯಲ್ಲಿ ಬಂದು ನಿಂತಾಗ ಮಾತ್ರ ಅದು ಊರಾಗಿ ಕಾಣುತ್ತದೆ. ಜಗತ್ತಿನಲ್ಲಿ ಬೇರೆಲ್ಲೂ ಅಂಥದಿಲ್ಲ. ಚಿತ್ರಶಾಲೆಗಳು ಲಂಡನ್, ಪ್ಯಾರಿಸ್‌ಗಳಲ್ಲೂ ಇವೆ; ನೀರಿನ ಮೇಲೆ ಸಾವಿರ ವರ್ಷ ಬಾಳಿದ ಇನ್ನೊಂದು ನಗರವಿಲ್ಲ. ಕೋಣೆ ಕೊಳ್ಳುವಾಗ ಪರವಾನಗಿಯಿರುವ ಹೋಟೆಲನ್ನೋ, ಮನೆಯವರೇ ವಾಸವಿದ್ದು ನಡೆಸುವ ವಸತಿಯನ್ನೋ ಆರಿಸಿಕೊಂಡರೆ, ಒಂದು ಸಂಸಾರ ಇರಬಹುದಾಗಿದ್ದ ಮನೆಯನ್ನು ನಾವು ಕಿತ್ತುಕೊಂಡಂತಾಗುವುದಿಲ್ಲ.

ನಾಲ್ಕು ದಿನಗಳಿದ್ದರೆ ಎರಡನ್ನೂ ಹಂಚಿಕೊಳ್ಳಬಹುದಲ್ಲವೇ ಎಂದು ಕೇಳುವವರಿದ್ದಾರೆ. ರೈಲು ಎರಡು ಗಂಟೆಯದಾದರೂ, ಕೋಣೆ ಬಿಡುವುದು, ಪೆಟ್ಟಿಗೆ ಹೊರುವುದು, ಹೊಸ ಕೋಣೆ ಹಿಡಿಯುವುದು ಸೇರಿ ಅರ್ಧ ದಿನ ಕರಗುತ್ತದೆ. ಒಂದೇ ಊರಲ್ಲಿದ್ದು ಇನ್ನೊಂದನ್ನು ಮುಂದಿನ ಸಲಕ್ಕೆ ಬಿಡುವುದು ಉತ್ತಮ. ಮುಂದಿನ ಸಲ ಬರದಿದ್ದರೆ? ಆಗಲೂ ಎರಡು ಊರುಗಳನ್ನು ಅರ್ಧರ್ಧ ಕಂಡವನಿಗಿಂತ ಒಂದನ್ನು ಪೂರ್ತಿ ಕಂಡವನೇ ಲಾಭದಲ್ಲಿರುತ್ತಾನೆ.

ಫ್ಲಾರೆನ್ಸ್‌ಗೆ ಹೋದವರಿಗೆ ಕೊನೆಯದಾಗಿ ಒಂದು ಸೂಚನೆ. ನಗರದ ಪಶ್ಚಿಮಕ್ಕೆ ಕಾಶಿನೆ ಎಂಬ ಉದ್ಯಾನದ ತುದಿಯಲ್ಲಿ, ಆರ್ನೊ ಮತ್ತು ಮುಞೋನೆ ಹೊಳೆಗಳು ಕೂಡುವಲ್ಲಿ, ಛತ್ರಿಯಡಿ ಭಾರತೀಯ ಯುವಕನೊಬ್ಬನ ಪ್ರತಿಮೆಯಿದೆ. ಅವನು ನಮ್ಮ ಬೆಳಗಾವಿಯ ನೆರೆಯ ಕೊಲ್ಹಾಪುರದ ಅರಸು ರಾಜಾರಾಮ. ಇಂಗ್ಲೆಂಡಿನಿಂದ ಮರಳುವಾಗ 1870ರ ನವೆಂಬರ್‌ನಲ್ಲಿ ಇಪ್ಪತ್ತರ ಹರೆಯದಲ್ಲಿ ಇಲ್ಲಿ ತೀರಿಕೊಂಡ. ನದಿಸಂಗಮದಲ್ಲಿ ದಹನವಾಗಬೇಕೆಂಬ ಹಿಂದೂ ಪದ್ಧತಿಗೆ ಆ ನಗರ ಅವಕಾಶ ಮಾಡಿಕೊಟ್ಟಿತು. 1874ರಲ್ಲಿ ಸ್ಮಾರಕ ಎದ್ದಿತು. ಸಮೀಪದ ದೊಡ್ಡ ಸೇತುವೆಗೆ ಅಲ್ಲಿನ ಜನ ಇಂದಿಗೂ ‘ಭಾರತೀಯನ ಸೇತುವೆ’ ಎನ್ನುತ್ತಾರೆ. ಪ್ರವಾಸಿಗಳ ಗದ್ದಲ ಅಲ್ಲಿಗೆ ಬರುವುದು ವಿರಳ.

ಕೆಲವೇ ದಿನಗಳಿಗೆಂದು ಬಂದು ಹೋಗಬೇಕಿದ್ದ ಅತಿಥಿಯೊಬ್ಬನನ್ನು ಒಂದು ಊರು ಒಂದೂವರೆ ಶತಮಾನ ನೆನಪಿನಲ್ಲಿಟ್ಟುಕೊಂಡಿದೆ. ದಿನಕ್ಕೆ ಹತ್ತಾರು ಸಾವಿರ ಅತಿಥಿಗಳು ಬಂದಿಳಿಯುವ ಇಂದಿನ ದಿನಗಳಲ್ಲಿ ಆ ಊರಿನಿಂದ ಅಷ್ಟನ್ನು ನಿರೀಕ್ಷಿಸಲಾಗದು. ಆದರೆ ರಿಯಾಲ್ಟೊ ಬಳಿಯ ಕಿಟಕಿಯಲ್ಲಿ ಅಂಕಿ ಇಳಿಯುತ್ತಿರುವಾಗ, ಟಿಕೆಟ್ ಕಾಯ್ದಿರಿಸುವ ಮುನ್ನ ಎಷ್ಟು ದಿನ ತಂಗುತ್ತೇವೆ, ಯಾರ ಮನೆಯಲ್ಲಿ ತಂಗುತ್ತೇವೆ ಎಂದು ಒಮ್ಮೆ ಯೋಚಿಸುವುದು ಅತಿಥಿಯಾದವನ ಕೈಯಲ್ಲಿಯೇ ಇದೆ.